ಯಜಮಾನರನ್ನು ಗೆರೆಗೆ ಇಳಿಸಿದ್ದು

"ನಿಮಗಿಂತ ಚೆನ್ನಾಗಿ ತೆಗೀತೀನಿ, ನೋಡ್ತಾ ಇರಿ!" ಎಂದು ಸವಾಲು ಹಾಕಿ ಯಜಮಾನರ ಕೈಯಿಂದ ಕ್ಯಾಮೆರಾ ಕಿತ್ತುಕೊಂಡದ್ದು ಗುರುವಾರ. ನಮ್ಮ ಸ್ಟುಡಿಯೋಗೆ ಹೊಸ ದೀಪ ಹಾಕಿದ್ದರು. ಬೆಳಕು ಸರಿಯಿದೆಯೇ ನೋಡಬೇಕಿತ್ತು. ಅವರನ್ನೇ ಸ್ಟೂಲಿನ ಮೇಲೆ ಕೂರಿಸಿದೆ. ಕೂತ ಮನುಷ್ಯ ಸುಮ್ಮನಿರಬೇಕಲ್ಲ?

"ಅದೇನು ಸೌಟು ಹಿಡಿದಂಗೆ ಹಿಡಿದಿದ್ದೀಯಾ! ಇಷ್ಟು ವರ್ಷ ನೋಡಿ ಏನೇ ಕಲಿತೆ!"

ಅವರು ಕೂಗುತ್ತಿರುವಾಗಲೇ ಗುಂಡಿ ಒತ್ತಿದೆ.

ಶುಕ್ರವಾರ ಬೆಳಿಗ್ಗೆ ಅವರು ಏಳಲಿಲ್ಲ.

ಊರಿಗೆಲ್ಲ ಫೋಟೋ ತೆಗೆದವರು, ತಮ್ಮದೊಂದು ತೆಗೆಸಿಕೊಂಡಿರಲಿಲ್ಲ. ಇದ್ದದ್ದು ನಾನು ತೆಗೆದ ಅದೊಂದೇ. ಅದನ್ನೇ ಸಮಾಧಿ ಕಲ್ಲಿನ ಮೇಲೆ ಕೆತ್ತಿಕೊಡು ಅಂದರೆ ಕಲ್ಲು ಕೆತ್ತುವವನು ತಲೆ ಅಲ್ಲಾಡಿಸಿದ.

"ಫೋಟೋ ಆಗಲ್ಲಮ್ಮ. ನಮ್ಮ ಮಿಷನ್‌ಗೆ ಗೆರೆ ಬೇಕು. ಎಸ್‌ವಿಜಿ ಅಂತಾರೆ, ಎಷ್ಟು ದೊಡ್ಡದು ಮಾಡಿದ್ರೂ ಒಡೆಯಲ್ಲ. ಮುಂದಿನ ಶನಿವಾರದೊಳಗೆ ಕೊಡಿ. ಇಲ್ಲಾಂದ್ರೆ ಬರೀ ಹೆಸರು ಕೆತ್ತಿಬಿಡ್ತೀನಿ."

ಬರೀ ಹೆಸರು ನನಗೆ ಸಾಲದು. ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಬಂದ ಅಳುವೂ ವಾಪಸ್ಸು ಹೋಗುತ್ತದೆ. ಮುಖ ಬೇಕಿತ್ತು.

"ಅತ್ತಿಗೆ, ಗೊತ್ತಿರೋರ ಹತ್ರ ಮಾಡಿಸಿ," ಅಂದಳು ನಾದಿನಿ.

"ಮೂವತ್ತು ವರ್ಷ ಈ ಊರಿನವರ ಫೋಟೋದಿಂದ ಮೊಡವೆ ಅಳಿಸಿದ ಕೈ ಕಣೇ ಇದು! ಗಂಡನ್ನ ಗೆರೆ ಮಾಡೋದು ಯಾವ ಮಹಾ ವಿದ್ಯೆ!"

ಕ್ಯಾಮೆರಾದ ಕಚ್ಚಾ ಫೈಲು ಹೆಣಭಾರ. ಅದನ್ನು ಬಿಚ್ಚುವಷ್ಟರಲ್ಲಿ ಕಂಪ್ಯೂಟರ್ ಏದುಸಿರು ಬಿಟ್ಟಿತು. ಗೆರೆ ಮಾಡುವ ಗುಂಡಿ ಒತ್ತಿದೆ. ಬಂತು ನೋಡಿ, ಲಕ್ಷ ಗೆರೆ!

"ಇದ್ಯಾವ ದೇಶದ ನಕ್ಷೆ ಅತ್ತಿಗೆ?"

"ನಿಮ್ಮಣ್ಣ ಕಣೇ!"

ಕಲ್ಲಿನವನಿಗೆ ಕಳಿಸಿದೆ. ಫೋನಿನಲ್ಲೇ ಕಿರುಚಿದ. "ಇಷ್ಟು ಗೆರೆ ಕೆತ್ತಿದ್ರೆ ಕಲ್ಲು ಪುಡಿಪುಡಿ ಆಗುತ್ತಮ್ಮ! ಕಮ್ಮಿ ಮಾಡಿ!"

ಕಮ್ಮಿ ಮಾಡಿದೆ. ನರೆಗೂದಲು ಹೋಯಿತು. ಇನ್ನೂ ಜಾಸ್ತಿಯೇ ಇದೆ ಅಂದ. ಕನ್ನಡಕ ಹೋಯಿತು, ಗಲ್ಲದ ಮಚ್ಚೆ ಹೋಯಿತು. ಮತ್ತೆ ಒತ್ತಿದೆ, ಮೂಗೂ ಮಂಗಮಾಯ! ಮೊದಲ ಸಲ ಅವರು ಹೋಗುವಾಗ ನಾನು ನಿದ್ದೆಯಲ್ಲಿದ್ದೆ. ಈ ಸಲ ಎಚ್ಚರವಿದ್ದೆ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಪರದೆಯ ಮೇಲೆ ಉಳಿದದ್ದು ತೆರೆದ ಬಾಯಿ ಒಂದೇ.

ನಾದಿನಿ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು.

"ಇದೇ! ಇದೇ ನಮ್ಮಣ್ಣ! ಕಿವಿ ಮುಚ್ಕೊಬೇಕು ಅನ್ನಿಸ್ತಿದೆ ಅತ್ತಿಗೆ!"

ಇಬ್ಬರೂ ನಕ್ಕೆವು. ಅವರು ಹೋದಮೇಲೆ ಮೊದಲ ಸಲ. ನಗುನಗುತ್ತಲೇ ಕಳಿಸಿಬಿಟ್ಟೆ. ಮೇಲೊಂದು ಪುಟ್ಟ ಬಾಯಿ, ಕೆಳಗೆ ಹೆಸರು, ಅಷ್ಟೇ ತಾನೇ ಅಂದುಕೊಂಡೆ.

ಯಂತ್ರಕ್ಕೆ ಪುಟ್ಟದು ಗೊತ್ತೇ? ಇದ್ದ ಗೆರೆಯನ್ನೇ ಕಲ್ಲಿಗೆ ತಕ್ಕಂತೆ ಹಿಗ್ಗಿಸಿತು. ಸ್ಮಶಾನಕ್ಕೆ ಹೋಗಿ ನೋಡಿದರೆ ಮಲಗಿಸಿದ ಕಲ್ಲಿನ ತುಂಬ ಎರಡಡಿ ಅಗಲದ ಬಾಯಿ! ಮೂರು ಬೆರಳು ಆಳ! ಹೆಸರು ಒಂದು ಮೂಲೆಯಲ್ಲಿ ಮುದುರಿ ಕೂತಿತ್ತು.

"ಒಂಚೂರೂ ಒಡೀಲಿಲ್ಲ ನೋಡಿ!" ಅಂದ ಕಲ್ಲಿನವನು, ಹೆಮ್ಮೆಯಿಂದ.

ನಾನೇ ಒಪ್ಪಿ ಕಳಿಸಿದ್ದು. ಯಾರನ್ನು ಬೈಯಲಿ? ಸ್ಮಶಾನದ ಕಾವಲುಗಾರ ಮೆಲ್ಲಗೆ ಹತ್ತಿರ ಬಂದ.

"ಸಿಮೆಂಟ್ ತುಂಬಿಸಿ ಸಮ ಮಾಡ್ಲಾ ಅಮ್ಮಾ? ನೋಡಿದೋರು ಹೆದರ್ತಾರೆ."

"ಮುಟ್ಟಬೇಡಪ್ಪ. ಮೂವತ್ತು ವರ್ಷ ಮುಚ್ಚಿಸೋಕೆ ನೋಡಿ ನಾನೇ ಸೋತ ಬಾಯಿ ಅದು."

ದಿನಾ ಬೆಳಿಗ್ಗೆ ಹೋಗುತ್ತೇನೆ. ರಾತ್ರಿ ಉದುರಿದ ಎಲೆ ಹೆಕ್ಕುತ್ತೇನೆ. ಇರುವೆ ಊದುತ್ತೇನೆ. ನೀರು ನಿಂತಿದ್ದರೆ ಸೆರಗಿನಲ್ಲಿ ಒರೆಸಿ, ಬಾಯಿ ಪೂರ್ತಿ ಒಣಗುವವರೆಗೆ ಪಕ್ಕದಲ್ಲೇ ಕೂತಿರುತ್ತೇನೆ.