ಚೊಂಬಿನ ತಳ

ಬೆಳ್ಳಿ ಸಾಮಾನಿನ ತಳ ನೋಡುವ ಅಭ್ಯಾಸವಿರುವವನಿಗೆ ಮನುಷ್ಯರ ಮುಖ ನೋಡಲಾಗದಂಥ ಪ್ರಸಂಗಗಳು ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ. ಮೈಸೂರು ರಸ್ತೆಯುದ್ದಕ್ಕೂ ಕಾರ್ಖಾನೆಗಳು ಏಳುತ್ತಿದ್ದ ಕಾಲದಲ್ಲಿ ನಾನು ಅಂಥದೊಂದು ಕಾರ್ಖಾನೆಯಲ್ಲಿ ತಪಾಸಣಾ ವಿಭಾಗದ ಮುಖ್ಯಸ್ಥನಾಗಿದ್ದೆ. ಸರಿಯಾದ ಮುದ್ರೆಯಿಲ್ಲದ ಒಂದು ಬೋಲ್ಟು ಕೂಡ ನನ್ನ ಮೇಜು ದಾಟುತ್ತಿರಲಿಲ್ಲ. ಜೇಬಿನಲ್ಲಿ ಸದಾ ಒಂದು ಪುಟ್ಟ ಭೂತಗನ್ನಡಿ. ಸಂಜೆ ಕಾರ್ಖಾನೆ ಬಿಟ್ಟರೂ ಆ ಭೂತ ನನ್ನನ್ನು ಬಿಡುತ್ತಿರಲಿಲ್ಲ. ಬೆಳ್ಳಿ ಎಂದು ಯಾರು ಏನು ತೋರಿಸಿದರೂ ತಿರುಗಿಸಿ ನೋಡಲೇಬೇಕು: 925 ಎಂಬ ಅಂಕಿ ಇದೆಯೇ, ಅಂದರೆ ಸಾವಿರ ಪಾಲಿನಲ್ಲಿ ಅಷ್ಟು ಪಾಲು ಬೆಳ್ಳಿಯೇ? ಹಾಲ್‌ಮಾರ್ಕಿನ ತ್ರಿಕೋನ ಇದೆಯೇ? ಹೋಗಲಿ, ಅಂಗಡಿಯ ಸೀಲಾದರೂ ಇದೆಯೇ?

ಇದರಿಂದ ನನ್ನ ಮರ್ಯಾದೆ ಹೋದರೆ ಹೋಗಲಿ. ಆದರೆ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು.

ನಾಲ್ಕು ತಲೆಮಾರಿನ ಟ್ರೇ

ಮೊದಲ ಸಂಬಂಧ ಬಂದದ್ದು ಕೆಂಪಾಪುರದ ಕಡೆಯಿಂದ. ಜಮೀನಿದ್ದ ಮನೆ, ಹುಡುಗ ಲೆಕ್ಚರರ್, ಮಗಳಿಗೂ ಒಪ್ಪಿಗೆ. ನಾನು, ನನ್ನ ಹೆಂಡತಿ ಹುಡುಗನ ಮನೆ ನೋಡಲು ಹೋದೆವು. ಕಾಫಿ ಬಂದ ಟ್ರೇ ಥಳಥಳ ಹೊಳೆಯುತ್ತಿತ್ತು.

"ನಮ್ಮಪ್ಪನ ಕಾಲದ ಬೆಳ್ಳಿ," ಎಂದರು ಹುಡುಗನ ತಂದೆ.

ಲೋಟಗಳನ್ನು ಕೆಳಗಿಟ್ಟು ಟ್ರೇ ತಿರುಗಿಸಿದೆ. ತಳದಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರ: ಇ, ಪಿ, ಎನ್, ಎಸ್.

"ಅವು ನಮ್ ನಾಕು ತಲೆಮಾರಿನ ಹೆಸ್ರು ಸ್ವಾಮಿ," ಎಂದು ಅವರು ಎದೆಯುಬ್ಬಿಸಿದರು. "ಈರೇಗೌಡ್ರು, ಅವ್ರ ಮಗ ಪುಟ್ಟೇಗೌಡ್ರು, ಅವ್ರ ಮಗ ನಂಜೇಗೌಡ್ರು, ಆಮೇಲೆ ನಮ್ಮಪ್ಪ ಸಿದ್ದೇಗೌಡ್ರು."

ಸುಮ್ಮನಿರಬಹುದಿತ್ತು. ಕಣ್ಣೆದುರಿಗೆ ತಪ್ಪು ಕಂಡರೂ ಸುಮ್ಮನಿರುವುದನ್ನು ನನ್ನ ಕಾನ್ವೆಂಟಿನಲ್ಲಿ ಯಾರೂ ಕಲಿಸಿರಲಿಲ್ಲ. "ಕ್ಷಮಿಸಿ. ಇ ಎಂದರೆ ಎಲೆಕ್ಟ್ರೋ, ಪಿ ಎಂದರೆ ಪ್ಲೇಟೆಡ್, ಎನ್ ಎಂದರೆ ನಿಕ್ಕಲ್, ಎಸ್ ಎಂದರೆ ಸಿಲ್ವರ್. ಒಳಗಿರುವುದು ಬೇರೆ ಲೋಹ, ಮೇಲಷ್ಟೇ ಬೆಳ್ಳಿಯ ಲೇಪ," ಎಂದೆ.

ನಡುಮನೆಯಲ್ಲಿ ಕಂಬಕ್ಕೊರಗಿ ಎಲೆಅಡಿಕೆ ಕುಟ್ಟುತ್ತಿದ್ದ ಹುಡುಗನ ಅಜ್ಜಿ ಕೈ ನಿಲ್ಲಿಸಿ ಹೇಳಿದರು: "ನಮ್ ವಂಸ್ದಲ್ಲಿ ನಿಕ್ಕಲ್‌ಗೌಡ ಅನ್ನೋರು ಯಾರೂ ಇರ್ನಿಲ್ಲ ಕಣಪ್ಪ."

ಸ್ವಲ್ಪ ದಿನದಲ್ಲೇ ಉತ್ತರ ಬಂತು. ಹೆಣ್ಣು ಒಪ್ಪಿಗೆಯಂತೆ, ಹೆಣ್ಣಿನ ಅಪ್ಪ ಒಪ್ಪಿಗೆಯಿಲ್ಲವಂತೆ.

ಮಾಗಡಿ ಬಸ್ಸು

ಮಾಗಡಿಯಿಂದ ಬಸ್ಸಿನಲ್ಲಿ ರಾಮನಗರದ ನಮ್ಮ ಮನೆಗೆ ಹಿಂದಿರುಗುತ್ತಿದ್ದೆ. ಕೈಯಲ್ಲಿದ್ದ ಪೆನ್ನು ಜಾರಿ ಪಕ್ಕದ ಸೀಟಿನ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದರೆ, ಅಲ್ಲಿ ಕೂತಿದ್ದ ಅಜ್ಜಿಯೊಬ್ಬಳ ಕಾಲಲ್ಲಿ ಹೆಬ್ಬೆರಳು ಗಾತ್ರದ ಬೆಳ್ಳಿ ಕಡಗ! ಬೆಸುಗೆಯ ಪಕ್ಕ ಏನೋ ಸೀಲು. ಭೂತಗನ್ನಡಿ ತೆಗೆದು ಇನ್ನಷ್ಟು ಬಗ್ಗಿದೆ. ಅಷ್ಟರಲ್ಲಿ ನನ್ನ ತಲೆಯ ಮೇಲೊಂದು ಕೈ ಬಂತು.

"ಒಳ್ಳೇದಾಗ್ಲಿ ಮಗ. ಈ ಕಾಲ್ದಲ್ಲೂ ದೊಡ್ಡೋರ ಕಾಲ್ಗೆ ಬೀಳೋರು ಅವ್ರಲ್ಲಾ!"

ಕಂಡಕ್ಟರನಿಗೆ ಮೈಯೆಲ್ಲ ಪುಳಕ. ಹಿಂದಿನ ಸೀಟಿನ ಹುಡುಗರ ಕಡೆ ತಿರುಗಿ, "ನೋಡ್ಕಳ್ರಲಾ, ಬೂಟು ಹಾಕ್ಕಂಡಿರೋ ಸಾಹೇಬ್ರು ಬಸ್ನಲ್ಲೇ ಕಾಲ್ಗೆ ಬೀಳ್ತಾವ್ರೆ. ನೀವು ಸೀಟೂ ಬುಡಾಕಿಲ್ಲ!" ಎಂದು ಗದರಿದ. ಮುಂದೆ ಕೂತಿದ್ದವರೆಲ್ಲ ಹಿಂದಕ್ಕೆ ತಿರುಗಿ ನನ್ನನ್ನು ಮೆಚ್ಚಿ ನೋಡಿದರು.

ಸಲ್ಲದ ಹೊಗಳಿಕೆ ನನಗೆ ಒಗ್ಗುವುದಿಲ್ಲ. ಎದ್ದು ನಿಂತು, "ತಪ್ಪು ತಿಳಿಯಬೇಡಿ. ನಾನು ಆಶೀರ್ವಾದಕ್ಕೆ ಬಗ್ಗಿದ್ದಲ್ಲ. ಈ ತಾಯಿಯ ಕಡಗದ ಬೆಳ್ಳಿ ನಿಜವೋ ಅಲ್ಲವೋ ನೋಡುತ್ತಿದ್ದೆ," ಎಂದು ಸ್ಪಷ್ಟಪಡಿಸಿದೆ.

ಅಜ್ಜಿ ಎರಡು ಕಾಲನ್ನೂ ಸೀಟಿನ ಮೇಲೆ ಎಳೆದುಕೊಂಡು ಸೀರೆ ಮುಚ್ಚಿದಳು. "ಲೋ ಕಂಡಕ್ಟ್ರಪ್ಪ, ಇವ್ನು ಕಡಗದ ಕಳ್ಳ ಕಣ್ಲಾ! ಅಯ್ಯೋ, ಆಸೀರ್ವಾದ ಬ್ಯಾರೆ ಮಾಡ್ಬುಟ್ನಲ್ಲ, ಈಗ ಅದ್ನ ವಾಪಸ್ ತಗಳಾದು ಎಂಗೆ?"

ಜರ್ಮನ್ ಬೆಳ್ಳಿ

ನಮ್ಮ ಕಾರ್ಖಾನೆಯ ಫೋರ್ಮನ್ ಚನ್ನಪಟ್ಟಣದವರು. ನನ್ನ ಮಾತೆಂದರೆ ಅವರಿಗೆ ಬಲು ನಂಬಿಕೆ. ಒಂದು ದಿನ ಊಟದ ವೇಳೆಗೆ ಜೋಡಿ ದೀಪದ ಕಂಬ ತಂದು ಎಲ್ಲರೆದುರು ಬಿಚ್ಚಿ ನನ್ನ ಮುಂದಿಟ್ಟರು. ತಳದಲ್ಲಿ ಅಂಕಿಯಿಲ್ಲ, ತ್ರಿಕೋನವಿಲ್ಲ.

"ಇದು ಬೆಳ್ಳಿಯಲ್ಲ," ಎಂದೆ.

"ಬೆಳ್ಳಿಗಿಂತ ಮೇಲು ಸಾರ್. ಜರ್ಮನ್ ಬೆಳ್ಳಿ!"

"ಜರ್ಮನ್ ಬೆಳ್ಳಿಯಲ್ಲಿ ಗುಲಗಂಜಿಯಷ್ಟೂ ಬೆಳ್ಳಿ ಇರುವುದಿಲ್ಲ ರೀ. ತಾಮ್ರ, ಸತು, ನಿಕ್ಕಲ್ ಸೇರಿಸಿ ಮಾಡಿದ್ದು ಅದು. ಯಾರನ್ನು ಕೇಳಿ ತೆಗೆದುಕೊಂಡಿರಿ?"

"ನಿಮ್ಮನ್ನೇ ಸಾರ್. ಜರ್ಮನಿದು ಅಂದ್ರೆ ಕಣ್ಮುಚ್ಕೊಂಡು ಸೈನ್ ಹಾಕ್ತೀನಿ ಅಂತ ದಿನಾ ಆ ದೊಡ್ಡ ಮಷಿನ್ ಮುಂದೆ ನಿಂತು ಹೇಳೋರು ಯಾರು?"

ಸುತ್ತ ನಿಂತವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಮುಜುಗರ ಮುಚ್ಚಿಕೊಳ್ಳಲು ನಾನು ಮಾತು ತಿರುಗಿಸಿದೆ. "ನಮ್ಮ ಗೃಹಪ್ರವೇಶಕ್ಕೆ ನೀವು ಕೊಟ್ಟ ಚೊಂಬು ಎಂಥ ಅಪ್ಪಟ ಬೆಳ್ಳಿ! ಇದನ್ನೂ ಆ ಅಂಗಡಿಯಲ್ಲೇ ಕೊಳ್ಳಬಾರದಿತ್ತೇ?"

ಫೋರ್ಮನ್‌ಗೆ ಕೆಮ್ಮು ಹತ್ತಿತು. "ಅದು... ಯಾವ ಅಂಗಡಿ ಅಂತ ನೆನಪಿಲ್ಲ ಸಾರ್," ಎಂದು ಕಂಬಗಳನ್ನು ಸುತ್ತಿಕೊಂಡು ಹೊರಟೇಬಿಟ್ಟರು. ತಾನೇ ಬೆಳ್ಳಿ ಕೊಂಡ ಅಂಗಡಿಯನ್ನು ಮರೆತ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

ಚೊಂಬು

ಎರಡನೆಯ ಸಂಬಂಧ ತಂದವರು ಅದೇ ಫೋರ್ಮನ್. ಹುಡುಗ ಕನಕಪುರದಲ್ಲಿದ್ದ ಅವರ ಅಕ್ಕನ ಮಗ. ರೇಷ್ಮೆ ಗೂಡು ಮಾರಲು ರಾಮನಗರಕ್ಕೆ ಬಂದಾಗ ನಮ್ಮ ಮನೆಗೂ ಬಂದು ಹೋಗಿದ್ದ. ಅವನು ಹೋದ ಮೇಲೆ ಮಗಳು ಏನೂ ಹೇಳಲಿಲ್ಲ, ಆದರೆ ಅಂದೆಲ್ಲ ಹಾಡಿಕೊಂಡು ಓಡಾಡಿದಳು.

ಮಾತುಕತೆಗೆ ನಾನು, ಹೆಂಡತಿ ಕನಕಪುರಕ್ಕೆ ಹೊರಟ ದಿನ ಮಗಳು ಬಾಗಿಲವರೆಗೆ ಬಂದಳು. "ಅಪ್ಪಾ, ಈ ಸಲ ಅವ್ರ ಮನೇದು ಒಂದು ಲೋಟಾನೂ ತಿರುಗಿಸ್ಬೇಡಿ."

ಹೆತ್ತ ಮಗಳು ತಂದೆಯನ್ನು ಬೇಡಿಕೊಳ್ಳಬೇಕಾದ ವಿಷಯವೇ ಇದು? ತಲೆ ತಗ್ಗಿಸಿ ಮಾತು ಕೊಟ್ಟೆ. ಭೂತಗನ್ನಡಿಯನ್ನೂ ಅವಳ ಕೈಗೆ ಕೊಟ್ಟೆ.

ಹುಡುಗನಿಗೆ ಬೆಳ್ಳಿಯದೇನಾದರೂ ಒಯ್ಯಬೇಕಲ್ಲ. ಅಂಗಡಿಯವರು ತೋರಿಸಿದ ಚೊಂಬುಗಳನ್ನೆಲ್ಲ ಸೀಲು ಸರಿಯಿಲ್ಲವೆಂದು ನಾನೇ ತಳ್ಳಿಹಾಕಿದ್ದೆ. ಕೊನೆಗೆ ನನ್ನ ಪರೀಕ್ಷೆಯಲ್ಲಿ ಪಾಸಾಗಿದ್ದು ಬೀರುವಿನಲ್ಲಿದ್ದ ಗೃಹಪ್ರವೇಶದ ಚೊಂಬು ಒಂದೇ. ಬೇಜಾರಾದಾರೆಂದು ಫೋರ್ಮನ್‌ಗೆ ತಿಳಿಸಲಿಲ್ಲ.

ಕನಕಪುರದ ಮನೆಯೊಳಗೆ ಕಾಲಿಟ್ಟರೆ ಜಮಖಾನದ ಮೇಲೆ ಅವರ ಮನೆಯ ಬೆಳ್ಳಿಯೆಲ್ಲ ಸಾಲಾಗಿ ಬೋರಲು ಬಿದ್ದಿತ್ತು. ಲೋಟ, ಬಟ್ಟಲು, ಪಂಚಪಾತ್ರೆ, ಎಲ್ಲದರ ತಳವೂ ಮೇಲೆ. ನನ್ನ ಖ್ಯಾತಿ ನನಗಿಂತ ಮೊದಲೇ ಬಂದು ಕೂತಿತ್ತು.

"ಮೊದ್ಲು ಇದ್ನ ಮುಗಿಸ್ಬುಡಿ ಸ್ವಾಮಿ, ಆಮೇಲೆ ಕಾಫಿ," ಎಂದರು ಹುಡುಗನ ತಂದೆ. ಮನೆಯವರೆಲ್ಲ ನಕ್ಕರು. ನಮಗಿಂತ ಮುಂಚೆ ಬಂದಿದ್ದ ಫೋರ್ಮನ್ ಎಲ್ಲರಿಗಿಂತ ಜೋರಾಗಿ ನಕ್ಕರು.

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ಬೇಡ. ನನಗೆ ನಂಬಿಕೆಯಿದೆ."

ಹೆಂಡತಿ ಉಸಿರು ಬಿಟ್ಟಳು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನಾನು ಮಾತು ಕೊಟ್ಟಿದ್ದು ಅವರ ಸಾಮಾನಿನ ಬಗ್ಗೆ ಮಾತ್ರ, ನಮ್ಮದರ ಬಗ್ಗೆ ಅಲ್ಲ. "ಆದರೆ ನಾವು ತಂದದ್ದನ್ನು ನೀವು ನೋಡಲೇಬೇಕು," ಎಂದು ಚೀಲದಿಂದ ಚೊಂಬು ತೆಗೆದೆ.

ಫೋರ್ಮನ್‌ರ ನಗು ನಿಂತಿತು. "ಸಾರ್, ಒಳಗಿಡಿ ಸಾರ್. ರಾಹುಕಾಲ!"

"ರಾಹುಕಾಲ ಆಗಲೇ ಕಳೆಯಿತು, ಕೂತುಕೊಳ್ಳಿ," ಎಂದು ಚೊಂಬನ್ನು ತಿರುಗಿಸಿ ಹಿಡಿದೆ. "ನೋಡಿ, 925. ಇದು ಅಂಗಡಿಯ ಸೀಲು. ಸ್ವತಃ ಪರೀಕ್ಷೆ ಮಾಡಿದ್ದೇನೆ."

ಹುಡುಗನ ತಾಯಿ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. "ಸೀಲಿನ ಸುತ್ತ ಏನೋ ಬರ್ದೈತಲ್ಲ ಅಣ್ಣ."

"ಅದು ಹೂಬಳ್ಳಿಯ ಕುಸುರಿ," ಎಂದೆ.

"ಊವಲ್ಲ ಕಣಣ್ಣ, ಅಕ್ಸರ."

ಉಡುಗೊರೆ ಪಾತ್ರೆಯ ಮೇಲೆ ಕೊಟ್ಟವರ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸುವುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಇಂಗ್ಲಿಷ್ ಸೀಲು ಸಿಕ್ಕಿದ ಮೇಲೆ ಕನ್ನಡದ ಕಡೆ ಕಣ್ಣು ಹಾಯಿಸುವ ಅಭ್ಯಾಸ ನನಗಿರಲಿಲ್ಲ. ಆಕೆ ಚೊಂಬನ್ನು ತಿರುಗಿಸುತ್ತಾ ಓದಿದರು: "ಪ್ರೀ... ತಿ... ಯ ಉಡು... ಗೊರೆ..." ಆಮೇಲೆ ಒಮ್ಮೆಲೇ ಕೂಗಿದರು: "ರೀ, ಇದ್ರಲ್ಲಿ ನಿಮ್ಮೆಸ್ರೈತೆ ಕಣ್ರೀ! ನಮ್ ತಮ್ಮನ ಒಸ ಮನೆ ಒಕ್ಕಲಿಗೆ ನಾವು ಕೊಟ್ಟಿದ್ ಚೊಂಬು!"

ಎಲ್ಲರೂ ಫೋರ್ಮನ್ ಕಡೆ ನೋಡಿದರು. ಫೋರ್ಮನ್ ಫ್ಯಾನು ನೋಡಿದರು. ನಾನು ನೆಲ ನೋಡಿದೆ. ಹೆಂಡತಿ ನನ್ನನ್ನು ನೋಡಿದಳು. ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ನೆನಪಾಗಿ, ಈ ಸಂಬಂಧವೂ ಮುಗಿಯಿತು ಎಂದುಕೊಂಡೆ.

ಹುಡುಗನ ತಂದೆ ಚೊಂಬನ್ನು ಕೈಗೆ ತೆಗೆದುಕೊಂಡರು. "ಬೀಗ್ರೆ, ಒಂದೇ ಮಾತು. ಬೆಳ್ಳಿ ಅಪ್ಪಟ ತಾನೆ?"

"ಅಪ್ಪಟ," ಎಂದೆ.

"ಮತ್ತೆ! ಕೊಡ್ಸಿದ್ದು ಯಾರು?" ಎಂದು ಅವರು ತೊಡೆ ತಟ್ಟಿ ನಕ್ಕರು. "ಚನ್ನಪಟ್ಣ ಸುತ್ಕಂಡು, ರಾಮನಗರ ನೋಡ್ಕಂಡು, ತಾನಾಗೇ ಮನೆಗೆ ಬಂದ್ಬುಟ್ಟೈತೆ ನನ್ ಚೊಂಬು. ಇದ್ರ ಜೊತೇಲಿ ಬರೋ ಸೊಸೇನ ಬ್ಯಾಡ ಅನ್ನಕ್ಕಾಯ್ತದಾ? ಆದ್ರೆ ಒಂದ್ ಕಂಡೀಸನ್ ಬೀಗ್ರೆ. ಮದ್ವೇಲಿ ಬರೋ ಉಡುಗೊರೆಗೆಲ್ಲ ಸೀಲು ನೀವ್ ನೋಡಿ, ಹೆಸ್ರು ನಮ್ಮೋಳು ಓದ್ತಾಳೆ!"