ಐದು ಗುಂಡು, ಒಂದು ಮೀಸೆ

ಜಟ್ಟಿ ಬೀಳುವ ಮೊದಲೇ ಮೀಸೆ ಮಣ್ಣಾಯಿತಂತೆ. ಗಾದೆ ಹಾಗಲ್ಲ ಎನ್ನುವವರು ಕಾಪುವಿಗೆ ಬಂದು ಹೂವಪ್ಪನ ಮುಖ ನೋಡಬೇಕು. ಆಣೆ ಮಾಡಿ ಹೇಳುವ ನಿಜ ಕತೆ ಇದು.

ಮೀನು ವ್ಯಾಪಾರಿ ಹೂವಪ್ಪನ ಮೀಸೆ ಎರಡು ಬಂಗುಡೆಗಳನ್ನು ಬಾಲ ಹೊರಗೆ ಮಾಡಿ ಅಂಟಿಸಿದ ಹಾಗಿತ್ತು. "ಕ್ರೀಡಾಕೂಟದ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಇವತ್ತು ನಮ್ಮ ಭಾರತದ ಹುಡುಗನಿಗೆ ಚಿನ್ನ ಬಾರದಿದ್ದರೆ ಮೀಸೆ ಬೋಳಿಸುತ್ತೇನೆ" ಎಂದು ಅವನು ಬೆಳಿಗ್ಗೆ ಲಿಯೋನೆಲ್‌ನ ಎದುರು ಬಾಯಿ ಬಿಟ್ಟದ್ದೇ ತಪ್ಪಾಯಿತು. ಲಿಯೋನೆಲ್ ಯಾರ ಸ್ವರವನ್ನೂ ಕದಿಯುವವ. ಬಸ್ ಏಜೆಂಟನ ಸ್ವರದಲ್ಲಿ ಕೂಗಿ, ಉಡುಪಿಗೆ ಹೋಗುವವರನ್ನು ಕಾರ್ಕಳದ ಬಸ್ಸಿಗೆ ಹತ್ತಿಸಿದವ.

ಫೈನಲಿನ ಹೊತ್ತಿಗೆ ಹೂವಪ್ಪ ಶೀನನ ಸೆಲೂನಿನ ಕುರ್ಚಿಯಲ್ಲಿ ಒರಗಿದ್ದ. ಗಡ್ಡಕ್ಕೆ ನೊರೆ, ಕನ್ನಡಕ ತೆಗೆದಿಟ್ಟದ್ದರಿಂದ ಟಿವಿಯೆಲ್ಲ ಮಂಜು. ಗೋಡೆಯ ತಿಮ್ಮಪ್ಪನ ಪಟಕ್ಕೆ ಕೈಮುಗಿದು ಏನೋ ಗೊಣಗಿದ. ಶೀನ ಕಣ್ಣು ಮಿಟುಕಿಸಿ ಟಿವಿಯ ಸ್ವರ ಅಡಗಿಸಿದ. ಒಳಬಾಗಿಲಿನ ಪರದೆಯ ಹಿಂದೆ ಅಡಗಿದ್ದ ಲಿಯೋನೆಲ್ ಮೂಗು ಹಿಡಿದು ಟಿವಿಯವರ ಸ್ವರದಲ್ಲಿ ಶುರು ಮಾಡಿದ.

"ಐದು ಗುರಿ, ಐದು ಗುಂಡು, ನಾಲ್ಕೇ ಸೆಕೆಂಡು. ಭಾರತದ ಶೂಟರ್ ಕೈ ಎತ್ತಿದ್ದಾರೆ..." ಪೌಡರ್ ಡಬ್ಬಿಗೆ ಟಪಟಪ ಐದು ಪೆಟ್ಟು. "ನಾಲ್ಕು ತಪ್ಪಿವೆ, ವೀಕ್ಷಕರೇ. ಐದನೆಯದು ಎಲ್ಲಿಗೆ ಹೋಯಿತೆಂದು ಹುಡುಕುತ್ತಿದ್ದಾರೆ. ಭಾರತ ಹೊರಗೆ."

"ಎಂತ ಮಾರಾಯ, ಕೈ ನಡುಗಿತಾ ಅವನಿಗೆ?"

"ನೀವು ನಡುಗುವುದು ಬೇಡ ಹೂವಪ್ಪಣ್ಣ, ನನ್ನ ಕೈಯಲ್ಲಿ ಕತ್ತಿ ಉಂಟು," ಎಂದ ಶೀನ. "ಮೀಸೆ ಎಂತ ಮಾಡುವುದು?"

"ಮಾತು ಮಾತೇ. ತೆಗಿ."

ಎರಡೇ ಎಳೆತಕ್ಕೆ ಎರಡು ಬಂಗುಡೆಯೂ ನೆಲಕ್ಕೆ. ಶೀನ ಬೇಕೆಂದೇ ನಿಧಾನವಾಗಿ ನೆಲ ಗುಡಿಸಿ, ಹೂವಪ್ಪನ ತಲೆಗೆ ಮಾಲೀಶು ಮಾಡಿ, ಆಮೇಲೆ ಅವನಿಗೆ ಕನ್ನಡಕ ತೊಡಿಸಿ ಟಿವಿಗೆ ಸ್ವರ ಕೊಟ್ಟ.

ಜನಗಣಮನ. ಬಾವುಟ ಏರುತ್ತಿತ್ತು. ನಮ್ಮ ಹುಡುಗನ ಕೊರಳಲ್ಲಿ ಚಿನ್ನ.

ರಾಷ್ಟ್ರಗೀತೆ ಮುಗಿಯುವ ತನಕ ಯಾರೂ ನಗುವಂತಿಲ್ಲ. ಹೂವಪ್ಪ ಮೀಸೆಯಿಲ್ಲದೆ ಸೆಟೆದು ನಿಂತ. ಲಿಯೋನೆಲ್‌ನ ಹೊಟ್ಟೆ ಮಾತ್ರ ಕುದಿಯುವ ಗಂಜಿಯ ಪಾತ್ರೆಯ ಮುಚ್ಚಳದಂತೆ ಕುಣಿಯಿತು. ಗೀತೆ ಮುಗಿದದ್ದೇ ಸೆಲೂನೆಲ್ಲ ನಗು.

ಹೂವಪ್ಪ ಬೈಯಲಿಲ್ಲ. ಪಟದ ಕಡೆ ನೋಡಿದ. "ಬಾಜಿಯಲ್ಲಿ ಮೀಸೆ ಹೋಗದಿರಲಿ ಅಂತ ಆಗ ಒಂದು ಹರಕೆ ಹೇಳಿದ್ದೆ ಮಾರಾಯ. ಚಿನ್ನ ಬಂದರೆ..."

"ಬಂದರೆ?"

"ತಿರುಪತಿಗೆ ಹೋಗಿ ಮೀಸೆ ಕೊಡುತ್ತೇನೆ ಅಂತ."

ಶೀನ ಕಸದ ಬುಟ್ಟಿಗೆ ಇಣುಕಿದ. ಊರವರ ತಲೆಕೂದಲಿನೊಳಗೆ ಮೀಸೆ ಯಾವುದೆಂದು ತಿಮ್ಮಪ್ಪನಿಗೂ ಗೊತ್ತಾಗುವಂತಿರಲಿಲ್ಲ. "ಈಗ ದೇವರಿಗೆ ಎಂತ ಕೊಡುವುದು ಹೂವಪ್ಪಣ್ಣ?"

"ಎಂತ ಕೊಡುವುದು! ಇನ್ನೊಮ್ಮೆ ಬೆಳೆಸುವುದು, ಇನ್ನೊಮ್ಮೆ ಬೋಳಿಸುವುದು. ಎರಡನೇ ಸುತ್ತು ಬಾಕಿ ಉಂಟು ನನಗೆ," ಎಂದು ಹೂವಪ್ಪ ಬೋಳು ತುಟಿ ಸವರಿಕೊಂಡು, ಕನ್ನಡಿ ಅದುರುವ ಹಾಗೆ ನಕ್ಕ. ಉಳಿದವರ ನಗು ಅದರ ಮುಂದೆ ಒದ್ದೆ ಪಟಾಕಿ.