ಅತ್ತೆ ಡಿಲೀಟ್ ಆದ ಭಾನುವಾರ

ಅತ್ತೆ: ಇನ್ನೊಂದ್ ಸಲ ಹೇಳು. ನಿಧಾನವಾಗಿ ಹೇಳು. ಯಾರನ್ನ ಡಿಲೀಟ್ ಮಾಡಿದೆ?

ಸೊಸೆ: ಯಾರನ್ನೂ ಅಲ್ಲ. ‘ಅತ್ತೆ’ನ.

ಅತ್ತೆ: ಅದನ್ನೇ ನಾನೂ ಕೇಳ್ತಿರೋದು.

ಸೊಸೆ: ಅಯ್ಯೋ, ನಿಮ್ಮನ್ನಲ್ಲ! ‘ಅತ್ತೆ’ ಅಂತ ಹೆಸರಿಟ್ಟಿದ್ದ ಬ್ರಾಂಚನ್ನ.

ಅತ್ತೆ: ಹೆಸರಿಡೋವಾಗ್ಲೇ ನಿನ್ನ ಮನಸ್ಸಲ್ಲಿ ಏನೋ ಇತ್ತು ಬಿಡು.

ಮಾವ (ಟ್ಯಾಬ್ ಒತ್ತಿ): ಸಾಕು.

ಅತ್ತೆ: ನೋಡಿದ್ಯಾ! ನನ್ನ ದನೀಲೇ ನನಗೆ ಸಾಕು ಅಂತಾರೆ.

ಮಧ್ಯಾಹ್ನ ಎರಡು ಗಂಟೆ. ಊಟದ ತಟ್ಟೆಗಳನ್ನು ಮೇಜಿನ ಒಂದು ಬದಿಗೆ ಸರಿಸಿ ಸೊಸೆ ಲ್ಯಾಪ್‌ಟಾಪ್ ಮುಂದೆ ತಲೆ ಹಿಡಿದು ಕೂತಿದ್ದಳು. ವಾರಕ್ಕೆ ಆರು ದಿನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು ಅವಳು. ಪ್ರೋಗ್ರಾಮ್ ಬರೆಯುವುದನ್ನು ಆರು ತಿಂಗಳಿಂದ ತಾನೇ ಓದಿ ಕಲಿತಿದ್ದಳು, ಅದೂ ಮಾವನಿಗಾಗಿ. ಎಂಟು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಮಾವನ ಬಲಗೈಯೂ ಮಾತೂ ಒಟ್ಟಿಗೇ ಹೋಗಿದ್ದವು. ಕೈ ಅರ್ಧ ವಾಪಸು ಬಂದಿತ್ತು, ಮಾತು ಬಂದಿರಲಿಲ್ಲ. ಈಗ ಅವರ ಮಡಿಲಲ್ಲಿ ಒಂದು ಟ್ಯಾಬ್, ಅದರಲ್ಲಿ ಹನ್ನೆರಡು ಚಿತ್ರ. ಲೋಟ ಒತ್ತಿದರೆ ‘ನೀರು’ ಅನ್ನುತ್ತದೆ, ಅಡ್ಡಗೈ ಒತ್ತಿದರೆ ‘ಸಾಕು’ ಅನ್ನುತ್ತದೆ. ದನಿ ಅತ್ತೆಯದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರ ದನಿ, ಒಂದಕ್ಷರ ಜಾರುವುದಿಲ್ಲ.

ಅವತ್ತು ನಾಲ್ಕು ಗಂಟೆಗೆ ಒಂಟೆ ಮೇಷ್ಟ್ರು ಬರುವವರಿದ್ದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಉದ್ದ ಕತ್ತಿನವರು, ಮಾವನ ಚದುರಂಗದ ಜೊತೆಗಾರ. ಮಾತು ಹೋದ ದಿನದಿಂದ ಮಾವ ಅವರಿಗೆ ಮುಖ ತೋರಿಸಿರಲಿಲ್ಲ. ಆಟಕ್ಕೆ ಬೇಕಾದ ಮಾತೆಲ್ಲ ಟ್ಯಾಬಿನಲ್ಲಿ ಸೇರಿದರೆ ಮಾತ್ರ ಆಡುತ್ತೇನೆ ಎಂದು ಕೊನೆಗೂ ತಲೆಯಾಡಿಸಿದ್ದರು. ಅತ್ತೆ ಎಂಟು ದಿನ ಕೂತು ಎಂಬತ್ತೆರಡು ಮಾತು ರೆಕಾರ್ಡ್ ಮಾಡಿ ಕೊಟ್ಟಿದ್ದರು. ಹೋಗಿದ್ದು ಅವೇ.

ಅತ್ತೆ: ಬ್ರಾಂಚು ಅಂದ್ರೆ ಏನೇ ಅದು? ಬ್ಯಾಂಕಿನದಾ?

ಸೊಸೆ: ನಿಮ್ಮ ಹೊಸ ದನಿಗಳನ್ನ ಹಳೇದರ ಜೊತೆ ಬೆರೆಸದೆ ಪಕ್ಕದಲ್ಲಿ ಬೇರೆ ಇಟ್ಟಿದ್ದೆ ಅತ್ತೆ. ಎಲ್ಲಾ ಸರಿಯಾದ್ಮೇಲೆ ಮುಖ್ಯದ್ದಕ್ಕೆ ಸೇರಿಸೋಣ ಅಂತ. ಹಾಗೆ ಪಕ್ಕದಲ್ಲಿಡೋದಕ್ಕೇ ಬ್ರಾಂಚ್ ಅನ್ನೋದು.

ಅತ್ತೆ: ಸರಿ, ಸೇರಿಸಿದ್ಯಾ?

ಸೊಸೆ: ಸೇರಿಸಿದೀನಿ ಅಂದ್ಕೊಂಡು, ಇನ್ಯಾಕೆ ಕಸ ಅಂತ ಬ್ರಾಂಚ್ ಅಳಿಸಿದೆ.

ಅತ್ತೆ: ಕಸ!

ಸೊಸೆ: ಬಾಯಿ ತಪ್ಪಿ ಬಂತು.

ಅತ್ತೆ: ಅಳಿಸೋವಾಗ ಕಂಪ್ಯೂಟರ್ ಏನೂ ಕೇಳಲ್ವಾ? ಫೋನಲ್ಲಿ ಒಂದ್ ಫೋಟೋ ತೆಗೀಬೇಕಾದ್ರೂ ‘ನಿಜವಾಗ್ಲೂ ತೆಗೀಲಾ’ ಅಂತ ಕೇಳತ್ತೆ.

ಸೊಸೆ: ಕೇಳ್ತು. ‘ಇದು ಇನ್ನೂ ಸೇರಿಲ್ಲ, ನಾನು ಅಳಿಸಲ್ಲ’ ಅಂತು.

ಅತ್ತೆ: ನೀನೇನಂದೆ?

ಸೊಸೆ (ಮೇಜು ನೋಡುತ್ತ): ಇದಕ್ಕೇನು ಗೊತ್ತು ಅಂದ್ಕೊಂಡು ಬಲವಂತವಾಗಿ ಅಳಿಸಿದೆ.

ಅತ್ತೆ: ರೀ, ಕೇಳಿಸ್ಕೊಂಡ್ರಾ? ಯಂತ್ರ ಅತ್ತೆ ಪರ ನಿಂತಿತ್ತಂತೆ. ಸೊಸೆ ಒಪ್ಪಲಿಲ್ಲ.

ಮಾವ (ಒತ್ತಿ): ಹೌದು.

ಸೊಸೆ: ಮಾವ, ನೀವೂನಾ?

ಅತ್ತೆ: ಇರ್ಲಿ, ಬೇರೆ ಎಲ್ಲೂ ಇಲ್ವಾ?

ಸೊಸೆ: ರಿಮೋಟಲ್ಲಿ ಇರಬೇಕಿತ್ತು.

ಅತ್ತೆ ಎದ್ದು ಹೋಗಿ ಸೋಫಾದ ದಿಂಬು ಎತ್ತಿ, ಅದರಡಿಯಿಂದ ಟಿವಿಯ ರಿಮೋಟ್ ತಂದು ಲ್ಯಾಪ್‌ಟಾಪ್ ಪಕ್ಕ ಇಟ್ಟರು.

ಅತ್ತೆ: ತಗೋ. ಬೆಳಗ್ಗೆಯಿಂದ ನಾನು ಬಿಟ್ರೆ ಯಾರೂ ಮುಟ್ಟಿಲ್ಲ.

ಸೊಸೆ: ಈ ರಿಮೋಟ್ ಅಲ್ಲ ಅತ್ತೆ. ದೂರದಲ್ಲಿ ಎಲ್ಲೋ ಇರೋ ಕಂಪ್ಯೂಟರು. ಇಲ್ಲಿರೋದರ ಪ್ರತಿ ಅಲ್ಲೂ ಇಟ್ಟಿರ್ತೀವಿ. ಮಾವನ ಟ್ಯಾಬ್ ಅಲ್ಲಿಂದಾನೇ ಹೊಸ ದನಿ ತಗೊಳ್ಳೋದು.

ಅತ್ತೆ: ಮತ್ತೇನು! ಅಲ್ಲಿಂದ ತರಿಸು.

ಸೊಸೆ: ಅಲ್ಲೂ ಅಳಿಸಿದೆ.

ಅತ್ತೆ: ಅಷ್ಟು ದೂರ ಹೋಗಿ?

ಸೊಸೆ: ಹೋಗೋದೇನಿಲ್ಲ, ಇಲ್ಲಿಂದಾನೇ ಒಂದು ಸಾಲು ಬರೆದ್ರೆ ಆಯ್ತು.

ಅತ್ತೆ: ನನ್ನಕ್ಕನಿಗೆ ಒಂದ್ ಫೋನ್ ಮಾಡೇ ಅಂದ್ರೆ ಮೂರು ದಿನ ತಗೋತೀಯ. ಇದಕ್ಕೆ ಮಾತ್ರ ಎರಡೂ ಕಡೆ ಒಂದೇ ಮಧ್ಯಾಹ್ನ.

ಸೊಸೆ: ಅತ್ತೆ, ಬೈಯೋದನ್ನ ಸಂಜೆಗೆ ಇಟ್ಕೊಳ್ಳಿ. ಇನ್ನೂ ಎರಡು ಗಂಟೆ ಇದೆ. ಮುಖ್ಯವಾದ್ದು ಒಂದಿಪ್ಪತ್ತು ಮಾತು ಈಗ್ಲೇ ಮತ್ತೆ ರೆಕಾರ್ಡ್ ಮಾಡಿಬಿಡೋಣ್ವಾ?

ಅತ್ತೆ ಗಂಟಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ‘ಕುದುರೆ’ ಎಂದರು. ಬಂದದ್ದು ತುಕ್ಕು ಹಿಡಿದ ಬಾಗಿಲಿನ ಸದ್ದು. ಎಂಬತ್ತೆರಡನೆಯ ಮಾತು ಮುಗಿಸಿದ ದಿನವೇ ಅವರ ಗಂಟಲು ಕಟ್ಟಿಕೊಂಡಿತ್ತು. ಬೈಯುವುದಕ್ಕೆ ಸಾಲುವಷ್ಟು ದನಿ ಮಾತ್ರ ಉಳಿದಿತ್ತು.

ಮಾವ ಟ್ಯಾಬಿನ ಮೇಲೆ ಬೆರಳಿಟ್ಟರು. ‘ಬೇಡ’ ಅಂದಿತು ಟ್ಯಾಬ್. ಮತ್ತೆ ‘ಬೇಡ’. ಎಡಗೈಯನ್ನು ಕಿವಿಯ ಹತ್ತಿರ ಹಿಡಿದು ಫೋನಿನಂತೆ ಆಡಿಸಿ, ಬಾಗಿಲ ಕಡೆ ತೋರಿಸಿ, ಮತ್ತೊಮ್ಮೆ ‘ಬೇಡ’ ಒತ್ತಿದರು. ಫೋನ್ ಮಾಡಿ ಬರಬೇಡ ಅನ್ನಿ ಎಂಬುದು ಇಬ್ಬರಿಗೂ ತಿಳಿಯಿತು. ಆಮೇಲೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಸೊಸೆಯ ಕಣ್ಣು ತುಂಬಿತು.

ಅತ್ತೆ (ದನಿ ತಗ್ಗಿಸಿ): ಏಯ್, ಅಳಬೇಡ. ಅತ್ತು ಕೀಲಿಮಣೆ ನೆನೆಸಿದ್ರೆ ಅದೂ ಕೆಟ್ಟೋಗತ್ತೆ.

ಸೊಸೆ: ಎಂಟು ದಿನ ಕೂತಿದ್ರಿ ನೀವು. ಒಂದೊಂದು ಮಾತಿಗೂ ಹತ್ತು ಹತ್ತು ಸಲ ಹೇಳಿದ್ರಿ. ನಾನು ಒಂದೇ ಏಟಿಗೆ...

ಅತ್ತೆ: ನಮ್ಮ ಎಕ್ಸ್‌ಚೇಂಜಲ್ಲಿ ದಿನಕ್ಕೆ ಇಪ್ಪತ್ತು ಲೈನ್ ಕಟ್ಟಾಗ್ತಿತ್ತು. ನಾವೇನು ಅಳ್ತಾ ಕೂರ್ತಿದ್ವಾ? ಪ್ಲಗ್ ಕಿತ್ತು ಬಂದಿದೆ ಅಂದ್ರೆ ಆ ಕಡೆ ಇದ್ದ ಮನುಷ್ಯ ಸತ್ತ ಅಂತಲ್ಲ. ಅವನು ಅಲ್ಲೇ ಹಲೋ ಹಲೋ ಅಂತಿರ್ತಾನೆ. ಎಲ್ಲಿ ಚುಚ್ಚಬೇಕು ಅಂತ ನಮಗೆ ತಿಳೀಬೇಕು, ಅಷ್ಟೆ.

ಸೊಸೆ: ಹೇಗೆ ತಿಳೀತಿತ್ತು?

ಅತ್ತೆ: ಚೀಟಿ. ಪ್ರತಿ ಕರೆಗೂ ಒಂದ್ ಚೀಟಿ ಬರೀತಿದ್ವಿ. ಎಷ್ಟು ಹೊತ್ತಿಗೆ, ಎಲ್ಲಿಂದ ಎಲ್ಲಿಗೆ, ಯಾವ ನಂಬರು. ಹೆಸರು ಮರೆತ್ರೂ ಚೀಟಿ ನೋಡಿದ್ರೆ ಸಿಕ್ಕೋದು. ನಿನ್ನ ಯಂತ್ರ ಅಷ್ಟೂ ಬರ್ಕೊಳ್ಳಲ್ವಾ?

ಸೊಸೆ ಮೂಗೊರೆಸಿಕೊಳ್ಳುತ್ತಿದ್ದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿದಳು.

ಸೊಸೆ: ಬರ್ಕೊಳ್ಳತ್ತೆ! ಅತ್ತೆ, ಬರ್ಕೊಳ್ಳತ್ತೆ! ರೆಫ್‌ಲಾಗ್ ಅಂತಾರೆ. ಓದಿದ್ದೆ, ನನಗೆಲ್ಲಿ ಬೇಕಾಗತ್ತೆ ಅಂತ ಪುಟ ತಿರುಗಿಸಿಬಿಟ್ಟಿದ್ದೆ.

ಅವಳು ಒಂದು ಸಾಲು ಹೊಡೆದಳು. ಪರದೆಯ ಮೇಲೆ ಇಪ್ಪತ್ತು ಮೂವತ್ತು ಸಾಲು ಸರಸರ ಇಳಿದವು. ಅತ್ತೆ ಭುಜದ ಮೇಲಿನಿಂದ ಬಗ್ಗಿ ನೋಡಿದರು.

ಅತ್ತೆ: ಎಲ್ಲಾ ಸಾಲಲ್ಲೂ ಹೆಡ್ ಹೆಡ್ ಅಂತಿದೆಯಲ್ಲ, ಏನದು?

ಸೊಸೆ: ಹೆಡ್ ಅಂದ್ರೆ ನಾನು ಯಾವ ಹೊತ್ತಲ್ಲಿ ಎಲ್ಲಿದ್ದೆ ಅನ್ನೋದು.

ಅತ್ತೆ: ನಿನ್ನ ತಲೆ ಎಲ್ಲಿತ್ತು ಅಂತ ತಿಳ್ಕೊಳ್ಳೋಕೆ ಇಷ್ಟು ದೊಡ್ಡ ಪಟ್ಟಿ ಬೇಕಾಯ್ತಾ? ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ!

ಸೊಸೆ: ಇಲ್ಲಿದೆ ನೋಡಿ! ‘ಅತ್ತೆ ದನಿ’ ಅಂತ. ಬ್ರಾಂಚಿನ ಹೆಸರು ಹೋಗಿದೆ ಅಷ್ಟೆ, ದನಿ ಎಲ್ಲೂ ಹೋಗಿಲ್ಲ. ಈ ನಂಬರ್ ಕೊಟ್ಟು ಹೊಸ ಬ್ರಾಂಚ್ ಮಾಡಿದ್ರೆ ಎಲ್ಲಾ ವಾಪಸ್ ಬರತ್ತೆ.

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆದುಕೊಂಡಿತು. ಮೂವರೂ ಗಡಿಯಾರ ನೋಡಿದರು. ಎರಡೂ ಮುಕ್ಕಾಲು.

ಅತ್ತೆ: ಎಂಟು ತಿಂಗಳು ಕಾದ ಮನುಷ್ಯನಿಗೆ ಇನ್ನೊಂದು ಗಂಟೆ ಕಾಯೋಕೆ ಆಗಲಿಲ್ಲ.

ಸೊಸೆ: ನಾನು ಬಾಗಿಲು ತೆಗೀತೀನಿ. ಅತ್ತೆ, ‘ಅತ್ತೆ ದನಿ’ ಅಂತಿರೋ ಮೇಲಿನ ಸಾಲಿದೆಯಲ್ಲ, ಅದರ ನಂಬರ್ ಒಂದು ಕಾಗದದಲ್ಲಿ ಬರೆದಿಡಿ. ಕನ್ನಡಕ ಹಾಕ್ಕೊಂಡು ಬರೀರಿ!

ಅತ್ತೆ ಕನ್ನಡಕ ಹಾಕಿಕೊಂಡರು. ‘ಅತ್ತೆ ದನಿ’ ಎಂಬ ಸಾಲುಗಳು ಎರಡಿದ್ದವು. ಮೇಲಿನದರಲ್ಲಿ ‘ಅತ್ತೆ ದನಿ ೮೨, ಕತ್ತರಿಸಿದ್ದು’ ಎಂದಿತ್ತು. ಅದರ ಕೆಳಗಿನದರಲ್ಲಿ ‘ಅತ್ತೆ ದನಿ ೮೨, ಪೂರ್ತಿ’ ಎಂದಿತ್ತು.

ಅತ್ತೆ (ತಮಗೆ ತಾವೇ): ಕತ್ತರಿಸಿದ್ದು ಯಾರಿಗೆ ಬೇಕು? ಅಷ್ಟು ಕಷ್ಟಪಟ್ಟು ಹೇಳಿದ್ದನ್ನ.

ಕೆಳಗಿನ ಸಾಲಿನ ನಂಬರನ್ನು ದುಂಡಗೆ ಬರೆದು, ಎರಡು ಸಲ ತಾಳೆ ನೋಡಿ, ಅಡಿಯಲ್ಲಿ ಗೆರೆ ಎಳೆದರು. ಸೊಸೆ ಓಡಿ ಬಂದವಳು ಪರದೆಯ ಕಡೆ ನೋಡದೆ ಕಾಗದ ನೋಡಿಕೊಂಡೇ ನಂಬರ್ ಹೊಡೆದಳು. ಬ್ರಾಂಚ್ ಹುಟ್ಟಿತು. ದೂರದ ಕಂಪ್ಯೂಟರಿಗೆ ಹೋಯಿತು, ಅಲ್ಲಿಂದ ಮಾವನ ಟ್ಯಾಬಿಗೆ ಇಳಿಯಿತು. ಹನ್ನೆರಡು ಚಿತ್ರಗಳ ಕೆಳಗೆ ಆನೆ, ಕುದುರೆ, ಒಂಟೆಗಳು ಸಾಲಾಗಿ ಬಂದು ನಿಂತವು. ಮಾವ ಕಿಟಕಿಯಿಂದ ಮುಖ ತಿರುಗಿಸಿದರು.

ಒಂಟೆ ಮೇಷ್ಟ್ರು (ಬಾಗಿಲಿಂದಲೇ ಕೂಗುತ್ತ): ಏನೋ! ಹೇಗಿದ್ದೀಯೋ! ನಾನು ಯಾರು ಗೊತ್ತಾಯ್ತೇನೋ!

ಅತ್ತೆ: ಮೇಷ್ಟ್ರೇ, ಅವರದು ಮಾತು ಹೋಗಿರೋದು. ಕಿವಿ ಚೆನ್ನಾಗಿದೆ.

ಒಂಟೆ ಮೇಷ್ಟ್ರು (ಪಿಸುಗುಟ್ಟಿ): ಹೌದಲ್ವಾ. ಹೇಗಿದ್ದೀಯೋ?

ಅತ್ತೆ: ಅಷ್ಟೂ ಇಳಿಸಬೇಡಿ, ಅದು ನನಗೂ ಕೇಳಿಸಲ್ಲ.

ಮಣೆ ಹಾಸಿಯಾಯಿತು. ಮೊದಲ ಹತ್ತು ನಡೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಆಡಿದರು. ಆಮೇಲೆ ಮೇಷ್ಟ್ರು ಒಂದು ಕಾಯನ್ನು ನಿರ್ಲಕ್ಷ್ಯದಿಂದ ಮುಂದೆ ಬಿಟ್ಟರು. ಮಾವ ಅದನ್ನು ಕುದುರೆಯಿಂದ ಹೊಡೆದು ಟ್ಯಾಬಿನಲ್ಲೂ ಕುದುರೆ ಒತ್ತಿದರು.

ಟ್ಯಾಬ್: ಕುದುರೆ. ಸರಿಯಾಯ್ತೇನೇ? ಈ ಕುದುರೆ ಯಾಕೆ ಸೊಟ್ಟ ಸೊಟ್ಟ ಹಾರತ್ತೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಇವರು ಹೇಳಿಕೊಟ್ಟಾಗ ತಿಳೀತು ಅಂದಿದ್ದೆ, ಸುಳ್ಳು.

ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು.

ಅತ್ತೆ: ಏನೇ ಇದು! ಇದನ್ನ ಯಾವಾಗ ಹಿಡಿದಿಟ್ಟೆ?

ಸೊಸೆ: ಅತ್ತೆ, ನೀವು ಯಾವ ಸಾಲಿನ ನಂಬರ್ ಬರೆದ್ರಿ?

ಅತ್ತೆ: ಪೂರ್ತಿ ಅಂತಿತ್ತಲ್ಲ, ಅದು.

ಸೊಸೆ: ಕತ್ತರಿಸಿದ್ದು ಅಂದ್ರೆ ನಿಮ್ಮ ಮಾತಲ್ಲ ಕತ್ತರಿಸಿದ್ದು, ಮಾತಿನ ಹಿಂದೆ ಬಂದ ಹರಟೆ!

ಅತ್ತೆ: ರೀ, ಇನ್ನೇನೂ ಒತ್ತಬೇಡಿ. ಇವಳು ಸರಿ ಮಾಡೋ ತನಕ ಕೈ ಎತ್ತಿ ಕೂತ್ಕೊಳ್ಳಿ.

ಮಾವನಿಗೆ ಎಂಟು ತಿಂಗಳ ಮೇಲೆ ಮೊದಲ ಸಲ ಒಂದು ಆಟ ಸಿಕ್ಕಿತ್ತು, ಬಿಡುವರೇ? ಆನೆ ಒತ್ತಿದರು. ಅತ್ತೆಯ ದನಿ ಆನೆ ಎಂದು ಹೇಳಿ, ಪಕ್ಕದ ಮನೆಯ ಮಿಕ್ಸರ್ ಸದ್ದಿಗೆ ಬೈಯಿತು. ಮಂತ್ರಿ ಒತ್ತಿದರು. ಮಂತ್ರಿಗೆ ಸೀನು ಬಂತು. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ ತಪ್ಪು ಕಾಯಿ ಸರಿಸಿದರು. ಮಾವ ಆನೆಯನ್ನು ಉದ್ದಕ್ಕೆ ಎಳೆದು ತಂದು ನಿಲ್ಲಿಸಿ, ‘ಚೆಕ್’ ಒತ್ತಿದರು.

ಟ್ಯಾಬ್: ಚೆಕ್. ನಿಲ್ಲಿಸಿದ್ಯಾ? ಮೊದಲೆಲ್ಲ ಇವರು ಚೆಕ್ ಅಂತ ಅರಚಿದ್ರೆ ಅಡುಗೆಮನೇಲಿ ನನ್ನ ಕೈಯಿಂದ ಸೌಟು ಬೀಳೋದು. ದಿನಾ ಬೈತಿದ್ದೆ. ಈಗ ಎಂಟು ತಿಂಗಳಿಂದ ಒಂದು ಸಲಾನೂ ಸೌಟು ಬಿದ್ದಿಲ್ಲ ಕಣೇ. ಅಷ್ಟು ಸುಮ್ನಿದೆ ಮನೆ. ಒಂದ್ ಸಲ ಅರಚಿದ್ರೆ ನಾನೇ ಬೀಳಿಸ್ತಿದ್ದೆ. ಸರಿ, ಮುಂದಿನದು ಹೇಳು.

ಅತ್ತೆ ಎದ್ದು ಕಿಟಕಿಯ ಪರದೆಯನ್ನು ಸುಮ್ಮನೆ ಸರಿಮಾಡಿದರು. ಅದು ಸರಿಯಾಗಿಯೇ ಇತ್ತು.

ಅತ್ತೆ (ಬೆನ್ನು ಮಾಡಿಕೊಂಡು): ಡಿಲೀಟ್ ಮಾಡು ಅದನ್ನ.

ಸೊಸೆ: ಅತ್ತೆ...

ಅತ್ತೆ: ಅಳಿಸೋದ್ರಲ್ಲಿ ಬಲೇ ಚುರುಕಲ್ವಾ ನೀನು? ಅಳಿಸು ಮತ್ತೆ.

ಸೊಸೆ: ಬೇಕಾದ್ದನ್ನ ಗೊತ್ತಿಲ್ದೆ ಅಳಿಸೋದು ನನಗೆ ಚೆನ್ನಾಗಿ ಬರತ್ತೆ. ಗೊತ್ತಿದ್ದೂ ಇದನ್ನ ಅಳಿಸೋಕೆ ಕೈ ಓಡ್ತಿಲ್ಲ.

ಆಗ ಮಾವನ ಗಂಟಲಲ್ಲಿ ಏನೋ ಅಲುಗಿತು. ಅವರು ಟ್ಯಾಬ್ ಅನ್ನು ಮೇಜಿನ ಮೇಲೆ ಮಗುಚಿಟ್ಟರು. ಎಡಗೈಯಿಂದ ಮೇಜಿನ ಅಂಚು ಹಿಡಿದರು. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು.

ಮಾವ: ಚ್... ಚೆ... ಚೆ.

ಅತ್ತೆ ತಿರುಗಿದರು. ಸೊಸೆ ಕುರ್ಚಿಯಿಂದ ಅರ್ಧ ಎದ್ದವಳು ಹಾಗೆಯೇ ನಿಂತಳು.

ಅತ್ತೆ: ಏನಂದ್ರಿ?

ಒಂಟೆ ಮೇಷ್ಟ್ರು: ಚೆಕ್ ಅಂದ, ಅತ್ತಿಗೆ. ನಾನು ಎದುರಿಗೇ ಕೂತಿದ್ದೀನಿ, ಸರಿಯಾಗಿ ಕೇಳಿಸ್ತು.

ಮೇಷ್ಟ್ರು ಮಣೆಯ ಮೇಲೆ ಬಗ್ಗಿ, ಆನೆಯ ದಾರಿಯನ್ನು ಬೆರಳಿನಿಂದ ಅಳೆದರು. ಇನ್ನೊಮ್ಮೆ ಅಳೆದರು. ಅವರ ಉದ್ದ ಕತ್ತು ಮೆಲ್ಲಗೆ ಮೇಲೆದ್ದಿತು.

ಒಂಟೆ ಮೇಷ್ಟ್ರು: ಆದ್ರೆ ಅತ್ತಿಗೆ, ಮಧ್ಯದಲ್ಲಿ ನನ್ನ ಸಿಪಾಯಿ ನಿಂತಿದ್ದಾನೆ. ಇಲ್ಲಿ ಚೆಕ್ ಇಲ್ಲ.

ಅತ್ತೆ: ಅವರು ಇದೆ ಅಂದ್ಮೇಲೆ ಇದೆ! ರಾಜನ್ನ ಸರಿಸಿ ಮೇಷ್ಟ್ರೇ.